ಪುಷ್ಯ ಮಳೆಯಲ್ಲಿ ಕಾಣದ ಪುಷ್ಯ

ಶಿರಸಿ ಕಡೆಯ ಅಡಿಕೆ ಬೆಳೆಗಾರರಿಗೆ ಪುಷ್ಯ ಎಂದರೆ ಮೊದಲು ಮಳೆ, ನಕ್ಷತ್ರ ಆಮೇಲೆ. ಜುಲೈ ಮೂರನೇ ವಾರ ಅದು ಹಿಡಿಯುವ ಹೊತ್ತಿಗೆ ಕೊಳೆರೋಗಕ್ಕೆ ಎರಡನೇ ಸಲದ ಮದ್ದು ಆಗಿರಬೇಕು, ಮರ ಹತ್ತಲು ಕೊನೆಗೌಡ ಸಿಗಬೇಕು. ತಲೆಯೆತ್ತಿದರೂ ಮೋಡ ನೋಡುವುದಕ್ಕೆ. ಮೋಡ ಸರಿದರೂ ಪುಷ್ಯ ಕಾಣುವುದಿಲ್ಲ ಅನ್ನಿ. ಸೂರ್ಯ ಆ ನಕ್ಷತ್ರದಲ್ಲಿರುವ ದಿನಗಳಿಗೇ ಪುಷ್ಯ ಮಳೆ ಎನ್ನುವುದು. ನಕ್ಷತ್ರ ಹಗಲ ಬೆಳಕಿನಲ್ಲಿ ಮುಳುಗಿರುತ್ತದೆ.

ಅದನ್ನು ನೋಡಲು ಮಾರ್ಚ್ ಕೊನೆಯ ವಾರ, ಚಂದ್ರನಿಲ್ಲದ ರಾತ್ರಿ ಒಂಬತ್ತರ ಸುಮಾರಿಗೆ ಅಂಗಳದಲ್ಲಿ ಅಂಗಾತ ಮಲಗಬೇಕು. ಪಶ್ಚಿಮಕ್ಕೆ ಪುನರ್ವಸುವಿನ ಜೋಡಿ, ಪೂರ್ವಕ್ಕೆ ಮಘೆ, ನಡುವೆ ಹೆಚ್ಚುಕಡಿಮೆ ನೆತ್ತಿಯ ಮೇಲೆ ಹೊಗೆಯಂಥ ಒಂದು ಕಲೆ. ಕಾರವಾರದ ಕಡಲತೀರದ ದೀಪಗಳ ನಡುವೆ ಇದು ಸಿಗುವುದು ಕಷ್ಟ.

ಗ್ರೀಕರು ಇದನ್ನು ಗೋದಲಿ ಎಂದರು, ಪಕ್ಕದ ಎರಡು ನಕ್ಷತ್ರಗಳು ಅದರಲ್ಲಿ ಮೇಯುವ ಕತ್ತೆಗಳು ಎಂದರು. ಸುತ್ತಲಿನ ನಕ್ಷತ್ರಗಳು ಕಾಣುತ್ತಿದ್ದು ಗೋದಲಿ ಮಾತ್ರ ಮಾಯವಾದರೆ ಮಳೆಗಾಳಿ ಬರುತ್ತದೆಂದು ಕ್ರಿಸ್ತಪೂರ್ವ 3ನೇ ಶತಮಾನದ ಕವಿ ಅರಾಟಸ್ ಬರೆದಿದ್ದಾನೆ. ಮೂಢನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ಮಳೆಗೆ ಮುಂಚೆ ಎತ್ತರದಲ್ಲಿ ಹರಡುವ ತೆಳುಮೋಡ ಮೊದಲು ಅಳಿಸುವುದು ಮಂಕಾದದ್ದನ್ನೇ.

ಹೊಗೆ ಬಿಡಿಸಿದವನು ಗೆಲಿಲಿಯೋ. 1610ರ ಮಾರ್ಚ್‌ನಲ್ಲಿ ವೆನಿಸ್‌ನಲ್ಲಿ ಅಚ್ಚಾದ ಪುಟ್ಟ ಪುಸ್ತಕದಲ್ಲಿ, ಇದು ಒಂದಲ್ಲ, ನಲವತ್ತಕ್ಕೂ ಹೆಚ್ಚು ನಕ್ಷತ್ರಗಳ ರಾಶಿ ಎಂದು ಬರೆದ. ನನಗೆ ಸೋಜಿಗ ಅವನು ಎಣಿಸಿದ ಬಗೆ. ಇಪ್ಪತ್ತು ಪಟ್ಟು ಹಿಗ್ಗಿಸುತ್ತಿದ್ದ ಅವನ ದೂರದರ್ಶಕದ ಕೊಳವೆಯಲ್ಲಿ ಒಮ್ಮೆಗೆ ಕಾಣುತ್ತಿದ್ದುದು ಹುಣ್ಣಿಮೆ ಚಂದ್ರನ ಅರ್ಧದಷ್ಟು ಅಗಲದ ಆಕಾಶ. ಪುಷ್ಯದ ಗುಚ್ಛವೋ ಮೂರು ಚಂದ್ರರಷ್ಟು ಅಗಲ! ಕಿಂಡಿಯಲ್ಲಿ ಕಣ್ಣಿಟ್ಟು ತೇರು ನೋಡಿದ ಹಾಗೆ. ಕೊಳವೆಯನ್ನು ಇಷ್ಟಿಷ್ಟೇ ಸರಿಸಿ, ತುಣುಕು ತುಣುಕು ಜೋಡಿಸಿ ಅವನು ನಕ್ಷೆ ಬರೆದಿರಬೇಕು. ಇಂದು ಹಕ್ಕಿ ನೋಡಲು ದಾಂಡೇಲಿಗೆ ಹೋಗುವವರ ಕೊರಳಲ್ಲಿರುವ ಬೈನಾಕ್ಯುಲರ್‌ನಲ್ಲಿ ಇಡೀ ಗುಚ್ಛ ಒಮ್ಮೆಗೇ ಸಿಗುತ್ತದೆ.

ಮಂಜಿನಂತೆ ಕಂಡದ್ದೆಲ್ಲ ನಕ್ಷತ್ರರಾಶಿಯೇ ಎಂಬ ಅವನ ಭಾವನೆ ಮಾತ್ರ ಅವಸರದ್ದು; ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಕತ್ತಿಯಲ್ಲಿರುವುದು ನಿಜವಾಗಿಯೂ ಅನಿಲ. 1769ರಲ್ಲಿ ಫ್ರೆಂಚ್ ಖಗೋಳಜ್ಞ ಮೆಸ್ಸಿಯೇ ಪುಷ್ಯವನ್ನು ಇಂಥ ಮಂಜಿನ ಕಲೆಗಳ ತನ್ನ ಪಟ್ಟಿಯಲ್ಲಿ 44ನೆಯದಾಗಿ ಸೇರಿಸಿದ.

ಸುಮಾರು 600 ಜ್ಯೋತಿರ್ವರ್ಷ ದೂರದಲ್ಲಿ, ಒಂದೇ ಮೋಡದಿಂದ ಹುಟ್ಟಿದ ಸುಮಾರು ಸಾವಿರ ಒಡಹುಟ್ಟುಗಳಿವು. 60 ಕೋಟಿ ವರ್ಷ ದಾಟಿದರೂ ಒಂದಕ್ಕೊಂದರ ಸೆಳೆತದಲ್ಲಿ ಜೊತೆಗಿವೆ, ಒಂದೊಂದಾಗಿ ಕಳಚಿಕೊಳ್ಳುತ್ತಲೂ ಇವೆ. ಇಲ್ಲಿನ ಸೂರ್ಯನಂಥ ಎರಡು ನಕ್ಷತ್ರಗಳಿಗೆ ಗ್ರಹಗಳಿರುವುದು 2012ರಲ್ಲಿ ತಿಳಿಯಿತು.

ಆಗಸ್ಟ್ ಕೊನೆಯಲ್ಲಿ ಪುಷ್ಯ ಬೆಳಗಿನ ಜಾವ ಪೂರ್ವದಲ್ಲಿ ಮತ್ತೆ ಏಳುತ್ತದೆ. ಅಷ್ಟರಲ್ಲಿ ನಮ್ಮಲ್ಲಿ ಹುಬ್ಬೆ ಮಳೆಯ ಮೋಡ.