ಸಿಲಿಂಡರಿನ ಬಾಯೊಳಗಿನ ರಬ್ಬರ್ ಬಳೆ

ನನ್ನ ಮೇಜಿನ ಮೇಲೆ ಒಂದು ಕಪ್ಪು ರಬ್ಬರ್ ರಿಂಗ್ ಇದೆ. ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ಸುಮ್ಮನೆ ನೋಡಿದರೆ ಏನೂ ಆಗಿಲ್ಲ ಅನಿಸುತ್ತದೆ. ಎರಡು ಬೆರಳಲ್ಲಿ ಹಿಗ್ಗಿಸಿದರೆ ಮಾತ್ರ ಒಂದು ಪಕ್ಕದಲ್ಲಿ, ಉಗುರಿನಿಂದ ಗೀರಿದಷ್ಟು ಉದ್ದದ ಸೀಳು ಬಾಯಿ ಬಿಡುತ್ತದೆ. ಇದು ತಿಪಟೂರಿನ ನಮ್ಮ ದೊಡ್ಡಮ್ಮನ ಮನೆಯ ಗ್ಯಾಸ್ ಸಿಲಿಂಡರಿನಿಂದ ಬಂದದ್ದು.

ಸಂಕ್ರಾಂತಿಯ ಹಿಂದಿನ ದಿನ. ಹಳೇ ಸಿಲಿಂಡರ್ ಖಾಲಿಯಾಗಿ ಹೊಸದಕ್ಕೆ ರೆಗ್ಯುಲೇಟರ್ ಕೂರಿಸಿ ತಿರುವಿದ್ದೇ ತಡ, ಬುಸ್ಸೆಂಬ ಸದ್ದು, ಹಿಂದೆಯೇ ಆ ವಾಸನೆ. ದೊಡ್ಡಮ್ಮ ತಕ್ಷಣ ತಿರುಗಿಸಿ ಆಫ್ ಮಾಡಿದರು; ಸದ್ದು ನಿಂತಿತು. ವಾಸನೆ ಕೇಳಿ ಬಂದ ಪಕ್ಕದ ಮನೆಯವರೊಬ್ಬರು, "ಬೆಂಕಿಕಡ್ಡಿ ಗೀರಿ ಹಿಡಿದ್ರೆ ಎಲ್ಲಿ ಸೋರ್ತಿದೆ ಅಂತ ಗೊತ್ತಾಗುತ್ತೆ ಬಿಡಿ" ಅಂದರು. ದೊಡ್ಡಮ್ಮ ಅವರ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡು, ಹಿತ್ತಿಲ ಬಾಗಿಲು ತೆರೆದು, ರೆಗ್ಯುಲೇಟರ್ ತೆಗೆದು ಸಿಲಿಂಡರಿಗೆ ಮುಚ್ಚಳ ಒತ್ತಿ, ಅಂಗಳಕ್ಕೆ ಬಂದು ಫೋನ್ ಮಾಡಿಸಿದರು. ಗಂಟೆ ಕಳೆದು ಬಂದ ಡೆಲಿವರಿ ಹುಡುಗ ಸಣ್ಣ ಕೊಕ್ಕೆಯಿಂದ ಈ ರಿಂಗನ್ನು ಎಬ್ಬಿಸಿ ತೆಗೆದು, ಜೇಬಿನಿಂದ ಹೊಸದೊಂದನ್ನು ಕೂರಿಸಿದ. ಎರಡು ನಿಮಿಷವೂ ಹಿಡಿಯಲಿಲ್ಲ. "ವಾಷರ್ ಹೋಗಿತ್ತು, ಅಷ್ಟೇ ಅಮ್ಮ" ಅಂದ.

ಆ "ಅಷ್ಟೇ" ನನ್ನ ತಲೆಯಲ್ಲಿ ಉಳಿದುಕೊಂಡಿತು. ಗ್ಯಾಸ್ ಅಂದರೆ ನಾವು ಹೆದರುವುದು ಟ್ಯೂಬಿಗೆ. ಇಲಿ ಕಡಿಯಿತೇ, ಬಿರುಕು ಬಿಟ್ಟಿತೇ ಎಂದು ಟ್ಯೂಬನ್ನು ತಿರುವಿ ಮುರುವಿ ನೋಡುತ್ತೇವೆ; ನೋಡಲೇಬೇಕು ಕೂಡ. ಆದರೆ ಮನೆಯೊಳಗೆ ಅತಿ ಹೆಚ್ಚು ಒತ್ತಡವನ್ನು ತಡೆದು ನಿಂತಿರುವ ರಬ್ಬರು ಟ್ಯೂಬಿನದಲ್ಲ, ಈ ಪುಟ್ಟ ಬಳೆಯದು.

ಸಿಲಿಂಡರಿನೊಳಗೆ ಇರುವುದು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಬಯಲಲ್ಲಿ ಬಿಟ್ಟರೆ ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿಯುತ್ತದೆ. ಬ್ಯೂಟೇನ್ ಹೆಚ್ಚುಕಡಿಮೆ ಸೊನ್ನೆ ಡಿಗ್ರಿಯಲ್ಲಿ. ನಮ್ಮ ಅಡುಗೆಮನೆಯ 28 ಡಿಗ್ರಿ ಎಂದರೆ ಅವಕ್ಕೆ ಕುದಿಯುವ ಒಲೆಯೇ. ಆದರೂ ಅಲುಗಾಡಿಸಿದರೆ ಒಳಗೆ ದ್ರವ ತುಳುಕುತ್ತದೆ. ಕಾರಣ ಇಷ್ಟೇ: ಮೊದಲು ಆವಿಯಾದ ಗ್ಯಾಸು ಮೇಲಿನ ಖಾಲಿ ಜಾಗವನ್ನು ತುಂಬಿ, ಉಳಿದ ದ್ರವವನ್ನು ಒತ್ತಿ ಹಿಡಿದು ಕುದಿಯಗೊಡುವುದಿಲ್ಲ. ಆ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 5ರಿಂದ 7 ಕಿಲೋ. ಬಿಸಿಲು ಏರಿದರೆ ಅದೂ ಏರುತ್ತದೆ. ಸೀಟಿ ಹೊಡೆಯುವ ಹೊತ್ತಿನ ಕುಕ್ಕರಿನೊಳಗೆ ಇರುವುದು ಸುಮಾರು 1 ಕಿಲೋ, ಕಾರಿನ ಟೈರಿನಲ್ಲಿ 2ರ ಆಸುಪಾಸು. ಕೆಳಗೆ ಒಂದು ಕಿಡಿ ಬೆಂಕಿಯೂ ಇಲ್ಲದೆ ಸಿಲಿಂಡರು ಐದಾರು ಕುಕ್ಕರುಗಳ ಬಿಗುವನ್ನು ಹೊತ್ತು ಮೂಲೆಯಲ್ಲಿ ನಿಂತಿರುತ್ತದೆ.

ರೆಗ್ಯುಲೇಟರಿನ ಕೆಲಸ ಈ ಒತ್ತಡವನ್ನು ತಗ್ಗಿಸುವುದು. ಅದನ್ನು ದಾಟಿ ಟ್ಯೂಬಿಗೆ ಬರುವಾಗ ಒತ್ತಡ ಚದರ ಸೆಂಟಿಮೀಟರಿಗೆ ಕೇವಲ 30 ಗ್ರಾಂ. ಎಳನೀರಿನ ಸ್ಟ್ರಾ ಮೂಲಕ ನೀವು ಮೆಲ್ಲಗೆ ಊದಿದಷ್ಟು. ಹಾಗಾದರೆ ರಬ್ಬರ್ ರಿಂಗ್ ಎಲ್ಲಿದೆ? ವಾಲ್ವಿನ ಬಾಯೊಳಗೆ, ರೆಗ್ಯುಲೇಟರಿನ ಮೂತಿ ಹೋಗಿ ಕೂರುವ ಜಾಗದಲ್ಲಿ. ಅಂದರೆ ಒತ್ತಡ ಇಳಿಯುವುದಕ್ಕೂ ಮೊದಲು. ಟ್ಯೂಬ್ ಎದುರಿಸುವ ಒತ್ತಡಕ್ಕಿಂತ ಸುಮಾರು 200 ಪಟ್ಟು ಹೆಚ್ಚಿನದನ್ನು ಅದು ಎದುರಿಸಬೇಕು. ಡೆಲಿವರಿ ಹುಡುಗನ "ಅಷ್ಟೇ"ಯಲ್ಲಿ ಅಡಗಿದ್ದುದು ಈ ಲೆಕ್ಕ.

ಸದ್ದಿನ ಗುಟ್ಟೂ ಇದರಲ್ಲೇ ಇದೆ. ಒಳಗಿನ ಒತ್ತಡ ಹೊರಗಿನದಕ್ಕಿಂತ ಸುಮಾರು ಎರಡು ಪಟ್ಟು ಮೀರಿದರೆ, ಬಿರುಕಿನಿಂದ ನುಗ್ಗುವ ಅನಿಲ ಆ ಅನಿಲದಲ್ಲಿ ಶಬ್ದ ಸಾಗುವ ವೇಗವನ್ನೇ ಮುಟ್ಟಿಬಿಡುತ್ತದೆ. ಬುಸ್ಸೆನ್ನುವುದು ಅದಕ್ಕೆ. ಟ್ಯೂಬಿನ ಬಿರುಕಿನಿಂದ, ಒಲೆಯ ತಿರುಪಿನಿಂದ ಸೋರುವ ಗ್ಯಾಸು ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲ, ವಾಸನೆ ಮಾತ್ರ ಬರುತ್ತದೆ. ಸದ್ದು ಕೇಳಿಸಿದರೆ ಮೊದಲ ಅನುಮಾನ ಸಿಲಿಂಡರಿನ ಬಾಯಿಯ ಮೇಲೆ ಇರಲಿ.

ಇಷ್ಟು ಒತ್ತಡವನ್ನು ಒಂದು ರಬ್ಬರ್ ಬಳೆ ತಡೆಯುವ ರೀತಿ ನನಗೆ ಯಾವತ್ತೂ ಬೆರಗು. ಗಟ್ಟಿ ವಸ್ತುಗಳಲ್ಲಿ ಎರಡು ಲೋಹಗಳನ್ನು ಎಷ್ಟೇ ನಯ ಮಾಡಿ ಜೋಡಿಸಿದರೂ ನಡುವೆ ಕೂದಲೆಳೆಯ ಸಂದು ಉಳಿಯುತ್ತದೆ. ರಬ್ಬರನ್ನು ಒತ್ತಿದರೆ ಅದರ ಗಾತ್ರ ಕುಗ್ಗುವುದಿಲ್ಲ, ಆಕಾರ ಬದಲಾಗುತ್ತದೆ. ಒತ್ತಿದ ಕಡೆ ತಗ್ಗಿ, ಸಂದು ಇರುವ ಕಡೆ ಉಬ್ಬುತ್ತದೆ. ರೆಗ್ಯುಲೇಟರಿನ ಮೂತಿ ಒಳಗಿಳಿದಾಗ ರಿಂಗ್ ಸ್ವಲ್ಪ ಚಪ್ಪಟೆಯಾಗಿ ಅದರ ಸುತ್ತ ಬಿಗಿಯುತ್ತದೆ. ಆಮೇಲೆ ಗ್ಯಾಸು ನುಗ್ಗಿ ಹೊರಬರಲು ನೋಡಿದಾಗ ರಿಂಗನ್ನೇ ತಳ್ಳಿಕೊಂಡು ಬರುತ್ತದೆ. ತಳ್ಳಿಸಿಕೊಂಡ ರಿಂಗ್ ಸಂದಿನ ಮೂಲೆಗೆ ಹೋಗಿ ಇನ್ನಷ್ಟು ಒತ್ತಿಕೊಳ್ಳುತ್ತದೆ. ಕಳ್ಳ ನೂಕಿದಷ್ಟೂ ಬಾಗಿಲು ಬಿಗಿಯಾಗಿ ಮುಚ್ಚಿಕೊಂಡ ಹಾಗೆ. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ನೀಲ್ಸ್ ಕ್ರಿಸ್ಟೆನ್ಸನ್ ಎಂಬ ಎಂಜಿನಿಯರ್, ಓ-ರಿಂಗ್ ಎಂದು ಕರೆಯುವ ಈ ಬಗೆಯ ರಬ್ಬರ್ ಬಳೆಗೆ ಪೇಟೆಂಟ್ ಕೇಳಿ ಅರ್ಜಿ ಹಾಕಿದ್ದು 1937ರಲ್ಲಿ, ತನ್ನ ಎಪ್ಪತ್ತು ದಾಟಿದ ವಯಸ್ಸಿನಲ್ಲಿ. ಎರಡನೇ ಮಹಾಯುದ್ಧದ ವಿಮಾನಗಳಿಗೆ ಅದು ಬೇಕಾಯಿತು. ಅಲ್ಲಿಂದ ಜಗತ್ತಿನ ನಲ್ಲಿ, ಪಂಪು, ವಾಲ್ವುಗಳೊಳಗೆಲ್ಲ ಸೇರಿತು.

ಎಲ್ಲ ರಬ್ಬರೂ ಈ ಕೆಲಸಕ್ಕೆ ಒದಗುವುದಿಲ್ಲ. ನಮ್ಮ ಮಲೆನಾಡು, ಕರಾವಳಿಯ ತೋಟಗಳ ಮರದಿಂದ ಇಳಿಸುವ ಸಹಜ ರಬ್ಬರು ಪೆಟ್ರೋಲು, ಎಲ್‌ಪಿಜಿಗಳಂಥ ಹೈಡ್ರೋಕಾರ್ಬನ್‌ಗಳ ಸಂಗದಲ್ಲಿ ಉಬ್ಬುತ್ತದೆ, ಮೆತ್ತಗಾಗುತ್ತದೆ. ಅದರ ಅಣುಗಳೂ ಹೈಡ್ರೋಕಾರ್ಬನ್‌ಗಳೇ. ಒಂದೇ ಜಾತಿಯವು ಒಂದರೊಳಗೊಂದು ಸುಲಭವಾಗಿ ಬೆರೆಯುತ್ತವೆ. ಹಾಗಾಗಿ ಗ್ಯಾಸಿನ ಕೆಲಸಕ್ಕೆ ಬಳಸುವುದು ನೈಟ್ರೈಲ್ ಎಂಬ ಕೃತಕ ರಬ್ಬರು. ಅದರ ಸರಪಳಿಯಲ್ಲಿರುವ ನೈಟ್ರೋಜನ್ ಹೊತ್ತ ಗುಂಪುಗಳು ಎಲ್‌ಪಿಜಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸೈಕಲ್ ಟ್ಯೂಬ್ ಕತ್ತರಿಸಿ ವಾಷರ್ ಮಾಡಿ ಹಾಕುವವರಿದ್ದಾರೆ. ಹಾಕಿದ ದಿನ ಅದು ಹಿಡಿದುಕೊಂಡೀತು. ಕೆಲವು ದಿನಕ್ಕೆ ಉಬ್ಬಿ ಸಡಿಲಾದಾಗ ಮನೆಯವರು ಆ ವಿಷಯವನ್ನೇ ಮರೆತಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದರ ಮೇಲೊಂದು ಎರಡು ರಿಂಗ್ ಹಾಕುವುದೂ ಬೇಡ. ರೆಗ್ಯುಲೇಟರ್ ಪೂರಾ ಒಳಗಿಳಿಯದೆ ಅರೆಬರೆ ಕೂರುತ್ತದೆ. ದಾರ ಸುತ್ತುವುದು, ಸೋಪಿನ ಚೂರು ತುಂಬುವುದು, ಎಂಸೀಲ್ ಮೆತ್ತುವುದು, ಇವೂ ಬೇಡ. 5 ಕಿಲೋ ಒತ್ತಡದ ಮುಂದೆ ಇವು ಯಾವುವೂ ನಿಲ್ಲುವುದಿಲ್ಲ.

ನೈಟ್ರೈಲಿಗೂ ಮುಪ್ಪು ಇದೆ. ಗಾಳಿ ಮತ್ತು ಶಾಖ ಸೇರಿ ಅದನ್ನು ಗಡುಸು ಮಾಡುತ್ತವೆ. ಬಹುಕಾಲ ಒತ್ತಿಸಿಕೊಂಡ ರಿಂಗ್ ಚಪ್ಪಟೆಯಾಗಿಯೇ ಉಳಿದು, ಮತ್ತೆ ಉಬ್ಬುವ ಗುಣ ಕಳೆದುಕೊಳ್ಳುತ್ತದೆ. ಸಿಲಿಂಡರು ನಮ್ಮದಲ್ಲ, ಊರೂರು ಸುತ್ತುವಂಥದ್ದು. ನಿಮ್ಮ ಮನೆಗೆ ಬರುವ ಮುಂಚೆ ಎಷ್ಟೋ ಮನೆಗಳ ರೆಗ್ಯುಲೇಟರು ಅದರ ಬಾಯಿಗೆ ಹೊಕ್ಕು ಹೊರಟಿರುತ್ತದೆ. ಮೂತಿಯಲ್ಲಿ ಗೀರು ಬಿದ್ದ ಒಂದು ಹಳೇ ರೆಗ್ಯುಲೇಟರು, ಓರೆಯಾಗಿ ತುರುಕಿದ ಒಂದು ಕೈ, ಸಾಕು. ಕೆಲವೊಮ್ಮೆ ರಿಂಗ್ ಹಳೇ ರೆಗ್ಯುಲೇಟರಿನ ಮೂತಿಗೇ ಅಂಟಿಕೊಂಡು ಎದ್ದು ಬಂದಿರುತ್ತದೆ, ವಾಲ್ವಿನಲ್ಲಿ ಇರುವುದೇ ಇಲ್ಲ. ತುಂಬಿಸುವ ಘಟಕದಲ್ಲಿ ಪರೀಕ್ಷೆ ನಡೆಯುತ್ತದೆ, ಕೆಟ್ಟ ರಿಂಗು ಬದಲಾಗುತ್ತದೆ. ಆದರೂ ಲಾರಿ, ಗೋದಾಮು, ಆಟೋ ದಾಟಿ ಬರುವಷ್ಟರಲ್ಲಿ ಒಂದೊಂದು ತಪ್ಪಿಸಿಕೊಳ್ಳುತ್ತದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಮುಂದಿನ ಕ್ರಮವೆಲ್ಲ ಇದರ ಮೇಲೆ ನಿಂತಿದೆ. ಸಿಲಿಂಡರಿನ ವಾಲ್ವಿನಲ್ಲಿ ರಿಂಗಿನ ಕೆಳಗೆ ಇನ್ನೊಂದು ತಡೆ ಇದೆ, ಸ್ಪ್ರಿಂಗ್ ಒತ್ತಿ ಹಿಡಿದ ಒಂದು ಪಿನ್ನು. ಗ್ಯಾಸಿನ ಒತ್ತಡವೂ ಅದನ್ನು ಮೇಲಕ್ಕೆ ನೂಕಿ ಮುಚ್ಚಿಯೇ ಇಡುತ್ತದೆ. ರೆಗ್ಯುಲೇಟರನ್ನು ಆನ್ ಮಾಡಿದಾಗ ಮಾತ್ರ ಅದರ ಮೂತಿಯೊಳಗಿನ ಕಡ್ಡಿ ಆ ಪಿನ್ನನ್ನು ಕೆಳಗೊತ್ತಿ ದಾರಿ ಬಿಡಿಸುತ್ತದೆ. ಆಫ್ ಮಾಡಿದರೆ ಪಿನ್ನು ಮೇಲೆದ್ದು ಮತ್ತೆ ಮುಚ್ಚುತ್ತದೆ. ದೊಡ್ಡಮ್ಮ ತಿರುಗಿಸಿದ ಕೂಡಲೇ ಸದ್ದು ನಿಂತದ್ದು ಇದರಿಂದ. ಆನ್ ಮಾಡಿದಾಗ ಸೋರಿ, ಆಫ್ ಮಾಡಿದಾಗ ನಿಂತರೆ ತೊಂದರೆ ಬಹುಮಟ್ಟಿಗೆ ರಿಂಗಿನದು ಅಥವಾ ರೆಗ್ಯುಲೇಟರಿನದು. ರೆಗ್ಯುಲೇಟರ್ ತೆಗೆದರೂ ಬಾಯಿಂದ ಸೋರುತ್ತಿದ್ದರೆ ಪಿನ್ನಿನ ಕೆಳಗೆ ಕಸ ಸಿಕ್ಕಿದೆ ಅಥವಾ ಪಿನ್ನಿನ ಸೀಲು ಕೆಟ್ಟಿದೆ. ಚಾಕುವಿನಿಂದಲೋ ಸ್ಕ್ರೂಡ್ರೈವರಿನಿಂದಲೋ ಪಿನ್ನನ್ನು ಒತ್ತಿ ನೋಡಬಾರದು. ಒಮ್ಮೆ ಒತ್ತಿದ್ದು ಮೇಲೇಳದೆ ಹೋದರೆ ಗ್ಯಾಸು ನುಗ್ಗುತ್ತಲೇ ಇರುತ್ತದೆ. ಬಾಯಿಂದ ಸೋರುವಾಗ ಕಾಯುವುದು ಪ್ಲಾಸ್ಟಿಕ್ ಮುಚ್ಚಳ. ದಾರ ಕಟ್ಟಿ ಸಿಲಿಂಡರಿಗೇ ನೇತುಬಿಟ್ಟಿರುವುದು ಕಳೆಯಬಾರದೆಂದೇ. ಅದನ್ನು ಬಲವಾಗಿ ಒತ್ತಿ ಕೂರಿಸಿದರೆ ಬಾಯಿಯ ಸೋರಿಕೆ ಸಾಮಾನ್ಯವಾಗಿ ನಿಲ್ಲುತ್ತದೆ. ಆ ದಾರ ಕತ್ತರಿಸಿ ಮುಚ್ಚಳವನ್ನು ಮಕ್ಕಳಿಗೆ ಆಡಲು ಕೊಟ್ಟ ಮನೆಗಳನ್ನು ನೋಡಿದ್ದೇನೆ, ನೋಡಿ ಸಂಕಟವಾಗಿದೆ.

ಇನ್ನು ವಾಸನೆ. ಎಲ್‌ಪಿಜಿಗೆ ತನ್ನದೆಂಬ ವಾಸನೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕೊಳೆತ ಎಲೆಕೋಸಿನ ಹಾಗೆ ನಾರುವುದು ಬೇಕೆಂದೇ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ನೆಲದಡಿ ಸೋರಿ ತುಂಬಿತ್ತು. ಯಾರಿಗೂ ಗೊತ್ತಾಗಲಿಲ್ಲ. ಒಂದು ಕಿಡಿಗೆ ಕಟ್ಟಡವೇ ಕುಸಿದು ಸುಮಾರು 300 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಅದಾದ ಮೇಲೆ ಟೆಕ್ಸಾಸ್‌ನಲ್ಲಿ ಗ್ಯಾಸಿಗೆ ವಾಸನೆ ಬೆರೆಸುವುದು ಕಾನೂನಾಯಿತು. ಕ್ರಿಸ್ಟೆನ್ಸನ್ ತನ್ನ ಅರ್ಜಿ ಹಾಕಿದ್ದೂ ಅದೇ ವರ್ಷ. ನಮ್ಮ ಅಡುಗೆಮನೆಯ ರಿಂಗ್ ಮತ್ತು ವಾಸನೆ, ಎರಡೂ ಕಾವಲುಗಾರರ ಕತೆ ಒಂದೇ ಇಸವಿಯಲ್ಲಿ ಕೂಡುವುದು ನನ್ನನ್ನು ಮತ್ತೆ ಮತ್ತೆ ಆ ಮಕ್ಕಳ ಕಡೆಗೆ ಎಳೆಯುತ್ತದೆ.

ಗಾಳಿಯಲ್ಲಿ ಎಲ್‌ಪಿಜಿ ನೂರಕ್ಕೆ ಸುಮಾರು 2 ಪಾಲು ಬೆರೆತರೆ ಹೊತ್ತಿಕೊಳ್ಳಬಲ್ಲದು. 9 ಪಾಲು ಮೀರಿದರೆ ಗಾಳಿ ಸಾಲದೆ ಹೊತ್ತಿಕೊಳ್ಳದು. 2 ಪಾಲು ಮುಟ್ಟುವುದಕ್ಕೆ ಬಹಳ ಮೊದಲೇ ಮೂಗಿಗೆ ಬಡಿಯುವಂತೆ ವಾಸನೆ ಬೆರೆಸಿರುತ್ತಾರೆ. ಹಾಗೆಂದು ನಿಧಾನ ಮಾಡುವಂತಿಲ್ಲ. 10 ಅಡಿ ಉದ್ದ, 8 ಅಡಿ ಅಗಲ, 10 ಅಡಿ ಎತ್ತರದ ಅಡುಗೆಮನೆ ಪೂರ್ತಿ 2 ಪಾಲು ಆಗಬೇಕಾದರೆ ಸುಮಾರು ಒಂದು ಕಿಲೋ ಗ್ಯಾಸು ಬೇಕು. ಆದರೆ ಗ್ಯಾಸು ಮನೆಯೆಲ್ಲ ಸಮನಾಗಿ ಹರಡಿಕೊಳ್ಳುವುದಿಲ್ಲ. ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರವಾದ್ದರಿಂದ ಚೆಲ್ಲಿದ ನೀರಿನಂತೆ ನೆಲಕ್ಕೇ ಇಳಿಯುತ್ತದೆ. ನೆಲದಿಂದ ಒಂದು ಅಡಿ ಎತ್ತರದವರೆಗೆ ನಿಂತರೆ ನೂರು ಗ್ರಾಂ ಸಾಕು. 14.2 ಕಿಲೋದ ಸಿಲಿಂಡರಿನಲ್ಲಿ ನೂರು ಗ್ರಾಂ ಕಡಿಮೆಯಾದದ್ದು ಯಾರಿಗೂ ತಿಳಿಯುವುದಿಲ್ಲ. ಮೇಲಿನ ಕಿಟಕಿಗಿಂತ ನೆಲಕ್ಕೆ ಮುಟ್ಟುವ ಬಾಗಿಲು ಮುಖ್ಯವಾಗುವುದು ಅದಕ್ಕೇ. ದೊಡ್ಡಮ್ಮ ಮೊದಲು ತೆರೆದದ್ದು ಹಿತ್ತಿಲ ಬಾಗಿಲನ್ನು.

ಹೊತ್ತಿಸಲು ಬೇಕಾದ ಕಿಡಿಯೂ ಅತಿ ಸಣ್ಣದು, ಒಂದು ಮಿಲಿಜೌಲಿನ ಕಾಲು ಭಾಗ. ಚಳಿಗಾಲದಲ್ಲಿ ಸಿಂಥೆಟಿಕ್ ಬಟ್ಟೆ ಬಿಚ್ಚುವಾಗ ಚಟಪಟ ಅನ್ನುವ ಕಿಡಿಯಲ್ಲೇ ಅದಕ್ಕಿಂತ ಹೆಚ್ಚು ಶಕ್ತಿ ಇರಬಹುದು. ಸ್ವಿಚ್ಚಿನೊಳಗೆ ಹಾಕುವಾಗಲೂ ಆರಿಸುವಾಗಲೂ ಕಿಡಿ ಹಾರುತ್ತದೆ. ಹಾಗಾಗಿ ಗ್ಯಾಸಿನ ವಾಸನೆ ತುಂಬಿದ ಮನೆಯಲ್ಲಿ ಲೈಟು ಹಾಕುವುದೂ ಬೇಡ, ಹತ್ತಿರುವುದನ್ನು ಆರಿಸುವುದೂ ಬೇಡ. ಗಾಳಿ ಹೋಗಲಿ ಎಂದು ಎಕ್ಸಾಸ್ಟ್ ಫ್ಯಾನ್ ಹಾಕುವುದಂತೂ ಬೇಡವೇ ಬೇಡ. ದೇವರ ದೀಪ, ಊದಿನಕಡ್ಡಿ ಕೂಡ ಬೆಂಕಿಯೇ. ರೆಗ್ಯುಲೇಟರ್ ಆಫ್ ಮಾಡಿ, ತೆಗೆದು, ಮುಚ್ಚಳ ಒತ್ತಿ, ಬಾಗಿಲು ತೆರೆದು, ಎಲ್ಲರನ್ನೂ ಹೊರಗೆ ಕರೆತಂದು, ಹೊರಗಿನಿಂದಲೇ ಏಜೆನ್ಸಿಗೋ 1906ಕ್ಕೋ ಫೋನ್ ಮಾಡಿ. 1906 ಗ್ಯಾಸ್ ಸೋರಿಕೆಗೆಂದೇ ಹಗಲೂ ರಾತ್ರಿ ಇರುವ ಸಹಾಯವಾಣಿ. ಮುಚ್ಚಳ ಒತ್ತಿದ ಮೇಲೂ ಸೋರುತ್ತಿದ್ದು, ಹತ್ತಿರ ಹೋಗುವುದು ಕ್ಷೇಮ ಅನಿಸಿದರೆ ಮಾತ್ರ ಸಿಲಿಂಡರನ್ನು ಬಯಲಿಗೆ ಸಾಗಿಸಿ. ಆದರೆ ನೆಟ್ಟಗೆ ನಿಲ್ಲಿಸಿಕೊಂಡೇ. ಉರುಳಿಸಿದರೆ ಬಾಯಿಗೆ ಆವಿಯ ಬದಲು ದ್ರವ ಬರುತ್ತದೆ. ಒಂದು ಲೋಟ ದ್ರವ ಹೊರಬಿದ್ದು ಸುಮಾರು 250 ಲೋಟ ಗ್ಯಾಸಾಗುತ್ತದೆ. ಹತ್ತಿರದಲ್ಲಿ ಚರಂಡಿ, ಬಾವಿ, ನೆಲಮಾಳಿಗೆ ಇರದ ಜಾಗ ನೋಡಿ ಇಡಿ.

ರಿಂಗ್ ಬದಲಿಸುವುದು ಡೆಲಿವರಿಯವರ ಕೈಕೆಲಸ, ಅವರಿಗೇ ಬಿಡಿ. ಮನೆ ಬಾಗಿಲಲ್ಲೇ ಸಿಲಿಂಡರಿನ ತೂಕ ಮತ್ತು ಸೋರಿಕೆ ಎರಡನ್ನೂ ಪರೀಕ್ಷಿಸಿ ಕೊಡುವುದು ಅವರ ಕರ್ತವ್ಯ. ಮೂರನೇ ಮಹಡಿಗೆ ಹೊತ್ತು ತಂದು ಏದುಸಿರು ಬಿಡುತ್ತಿರುವವನನ್ನು ನಿಲ್ಲಿಸಿ ಕೇಳಲು ಮನಸ್ಸು ಹಿಂಜರಿಯುತ್ತದೆ, ನನಗೂ ಗೊತ್ತು. ಒಂದು ಲೋಟ ನೀರೋ ಮಜ್ಜಿಗೆಯೋ ಕೊಟ್ಟು ಕೂರಿಸಿ ಕೇಳಿ. ಮುಚ್ಚಳ ತೆಗೆದು ವಾಲ್ವಿನ ಬಾಯಿಗೆ ನಾಲ್ಕು ಹನಿ ನೀರು ಬಿಟ್ಟರೆ ಪಿನ್ನು ಸೋರುತ್ತಿದೆಯೇ ಎಂದು ಗುಳ್ಳೆ ಹೇಳುತ್ತದೆ. ನೀರು ಒರೆಸಿ, ರಿಂಗ್ ಜಾಗದಲ್ಲಿದೆಯೇ ನೋಡಿ, ರೆಗ್ಯುಲೇಟರ್ ಹಾಕಿ ಆನ್ ಮಾಡಿ ಕೀಲಿನ ಸುತ್ತ ಸೋಪಿನ ನೀರು ಸವರಿದರೆ ರಿಂಗಿನ ಸ್ಥಿತಿ ತಿಳಿಯುತ್ತದೆ. ಗುಳ್ಳೆ ಏಳದಿದ್ದರೆ ಸರಿ. ಈ ಸೋಪಿನ ಪರೀಕ್ಷೆಯನ್ನು ಆಮೇಲೂ ಆಗಾಗ ನೀವೇ ಮಾಡಬಹುದು.

ಮೊನ್ನೆ ತಿಪಟೂರಿಗೆ ಹೋಗಿದ್ದೆ. ಅದೇ ಹುಡುಗ ಸಿಲಿಂಡರ್ ತಂದಿದ್ದ. ದೊಡ್ಡಮ್ಮ ಬಟ್ಟಲಲ್ಲಿ ಸೋಪಿನ ನೀರು ಕಲಸಿ ಹಳೇ ಹಲ್ಲುಜ್ಜುವ ಬ್ರಷ್ ಜೊತೆಗೆ ಸಿದ್ಧವಾಗಿಟ್ಟಿದ್ದರು. ಅವನು ಯಾರೂ ಹೇಳುವ ಮುಂಚೆ ತಾನೇ ಕುಕ್ಕರಗಾಲಲ್ಲಿ ಕೂತು ದಾರ ಹಿಡಿದು ಮುಚ್ಚಳ ಎಳೆದ. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಅವನ ಭುಜದ ಮೇಲಿಂದ ಬಗ್ಗಿ ನೋಡಿದರು.