ಮೈದಾನಕ್ಕೆ ಔಷಧಿ ಹೊಡೆಯಬೇಡಿ ಅಂದರೆ ಕೇಳುತ್ತಾರಾ?

ಪ್ರಶ್ನೆ: ಅಮೆರಿಕದಲ್ಲಿ ಮಗಳ ಮನೆಗೆ ಬಂದಿದ್ದೇನೆ. ಮೊಮ್ಮಗ ಆಡುವ ಮೈದಾನದ ಅಂಚಿನಲ್ಲಿ ‘ಔಷಧಿ ಹೊಡೆದಿದೆ, ಕಾಲಿಡಬೇಡಿ’ ಅಂತ ಪುಟ್ಟ ಬೋರ್ಡ್ ನೆಟ್ಟಿದ್ದರು. ನಾಲ್ಕು ಜನ ಸೇರಿ ಕೇಳಿದರೆ ಇದು ನಿಲ್ಲುತ್ತಾ?

ನಿಲ್ಲಬಹುದು. ಆದರೆ ಒಂದು ಸಲ ಕೇಳಿ ಸುಮ್ಮನಾದರೆ ಆಗಲ್ಲ. (ಕಳೆ ಸಾಯಿಸುವ ವಿಷಕ್ಕೆ ನಾವೂ ‘ಔಷಧಿ’ ಅಂತೀವಲ್ಲ, ಅದೇ ತಮಾಷೆ.)

ಕೆನಡಾದ ಕ್ವಿಬೆಕ್‌ನಲ್ಲಿ ಹಡ್ಸನ್ ಅಂತ ಒಂದು ಸಣ್ಣ ಊರಿದೆ. ಸುಮಾರು 5 ಸಾವಿರ ಜನ. ಅಲ್ಲಿನ ಚರ್ಮರೋಗ ವೈದ್ಯೆ ಜೂನ್ ಅರ್ವಿನ್ 1985ರಿಂದ ಪುರಸಭೆಯ ಸಭೆಗಳಿಗೆ ಹೋಗಿ ಇದೇ ವಿಷಯ ಎತ್ತುತ್ತಿದ್ದರು. ಪುರಸಭೆ ಮಣಿಯಲು ಆರು ವರ್ಷ ಬೇಕಾಯಿತು. 1991ರಲ್ಲಿ, ಬರೀ ಅಂದಕ್ಕಾಗಿ ಹುಲ್ಲುಹಾಸಿಗೆ ಔಷಧಿ ಹೊಡೆಯುವಂತಿಲ್ಲ ಎಂಬ ನಿಯಮ ಬಂತು. ಔಷಧಿ ಹೊಡೆಯುವ ಕಂಪನಿಗಳು ಕೋರ್ಟಿಗೆ ಹೋದವು. 2001ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಊರಿನ ಪರ ತೀರ್ಪು ಕೊಟ್ಟಿತು. ಔಷಧಿ ಎಷ್ಟು ಕೆಟ್ಟದ್ದು ಅನ್ನೋದು ಅಲ್ಲಿ ಮುಖ್ಯ ಪ್ರಶ್ನೆಯಾಗಿರಲಿಲ್ಲ. ತನ್ನ ಜನರ ಆರೋಗ್ಯಕ್ಕಾಗಿ ಇಂಥ ನಿಯಮ ಮಾಡುವ ಅಧಿಕಾರ ಊರಿಗಿದೆಯೇ ಅನ್ನೋದೇ ಪ್ರಶ್ನೆ. ಇದೆ ಎಂದಿತು ಕೋರ್ಟ್.

ಅಮೆರಿಕದಲ್ಲಿ ದಾರಿ ಸ್ವಲ್ಪ ಬೇರೆ. ಅಲ್ಲಿ 40ಕ್ಕೂ ಹೆಚ್ಚು ರಾಜ್ಯಗಳಲ್ಲಿ ಊರುಗಳು ಖಾಸಗಿ ಜಾಗಕ್ಕೆ ಇಂಥ ನಿಯಮ ಮಾಡದಂತೆ ರಾಜ್ಯವೇ ಕೈ ಕಟ್ಟಿದೆ. ಆದರೆ ಪುರಸಭೆಯದೇ ಮೈದಾನವಾದರೆ, ಅದನ್ನು ಹೇಗೆ ನೋಡಿಕೊಳ್ಳಬೇಕು ಅಂತ ಸಾಮಾನ್ಯವಾಗಿ ಪುರಸಭೆಯೇ ತೀರ್ಮಾನಿಸಬಹುದು. ಹಾಗಾಗಿ ಮೊದಲು ಮೈದಾನ ಯಾರದ್ದು ಅಂತ ವಿಚಾರಿಸಿ. ಶಾಲೆಯದ್ದಾದರೆ ರಾಜ್ಯದ ಕಾನೂನು ನೋಡಿ. ಕನೆಕ್ಟಿಕಟ್ 2005ರಲ್ಲೇ ಪ್ರಾಥಮಿಕ ಶಾಲೆಗಳ ಹುಲ್ಲಿಗೆ ಔಷಧಿ ಬೇಡ ಎಂಬ ಕಾನೂನು ತಂದಿತು. ನ್ಯೂಯಾರ್ಕ್ 2010ರಲ್ಲಿ ಶಾಲೆ ಮತ್ತು ಡೇಕೇರ್‌ಗಳ ಮೈದಾನಗಳಿಗೂ ತಂದಿತು.

‘ಔಷಧಿ ಇಲ್ಲದಿದ್ದರೆ ಮೈದಾನ ಹಾಳಾಗುತ್ತೆ’ ಎಂಬ ಉತ್ತರ ಬಂದೇ ಬರುತ್ತದೆ. ಅದಕ್ಕೆ ತಯಾರಾಗಿ ಹೋಗಿ. ಮಕ್ಕಳು ತುಳಿದು ತುಳಿದು ಮಣ್ಣು ಗಟ್ಟಿಯಾದಾಗ ಹುಲ್ಲಿನ ಬೇರಿಗೆ ಗಾಳಿ ಸಿಗಲ್ಲ. ಆ ಬೋಳು ಜಾಗಕ್ಕೆ ಕಳೆ ನುಗ್ಗುತ್ತದೆ. ಕಳೆ ಕೊಂದರೂ ಮಣ್ಣು ಗಟ್ಟಿಯಾಗೇ ಇರುತ್ತಲ್ಲ, ಮತ್ತೆ ಬರುತ್ತದೆ. ಯಂತ್ರದಿಂದ ನೆಲಕ್ಕೆ ತೂತು ಕೊರೆದು ಸಡಿಲ ಮಾಡಬೇಕು, ಹುಲ್ಲಿನ ಬೀಜ ಮತ್ತೆ ಚೆಲ್ಲಬೇಕು, ಹುಲ್ಲನ್ನು ಬುಡಕ್ಕೇ ಕತ್ತರಿಸದೆ ಮೂರು ಇಂಚು ಬಿಡಬೇಕು. ಮೊದಲೊಂದೆರಡು ವರ್ಷ ಕೆಲಸ ಜಾಸ್ತಿ, ನಿಜ. ಬೇಡ ಅನ್ನುವ ಅರ್ಜಿಗಿಂತ ಈ ಲೆಕ್ಕ ಹಿಡಿದು ಹೋಗುವುದೇ ಮೇಲು ಅನ್ನೋದು ನನ್ನ ಅಭಿಪ್ರಾಯ.

ಕಾನೂನು ಇರುವ ಕಡೆಯೂ ಒಂದು ಕಣ್ಣಿಟ್ಟಿರಿ. ನ್ಯೂಯಾರ್ಕ್‌ನಲ್ಲಿ ತುರ್ತು ಇದ್ದರೆ ವಿನಾಯಿತಿ ಕೊಡಲು ಸಾರ್ವಜನಿಕ ಶಾಲೆಯ ಮಂಡಳಿಗೆ ಅವಕಾಶವಿದೆ. ಆಟದ ಜಾಗದಲ್ಲಿ ಕಣಜ ಗೂಡು ಕಟ್ಟಿದರೆ ಅದು ತುರ್ತು. ಹುಲ್ಲಿನ ನಡುವೆ ನಾಲ್ಕು ಹಳದಿ ಹೂ ಬಿಟ್ಟರೆ ಅಲ್ಲ.