ಬೆಳಗಿನ ಮುನ್ನಡೆ, ಸಂಜೆಯ ‘ಜನಾದೇಶ’

ಮತ ಎಣಿಕೆಯ ದಿನ ಬೆಳಗಾವಿಯ ಚಹಾದಂಗಡಿಯ ಟಿ.ವಿ.ಯಲ್ಲಿ ಒಂಬತ್ತೂವರೆಗೇ ‘ಅಲೆ’ ಎಂಬ ಮಾತು ಶುರುವಾಗುತ್ತದೆ. ಅಷ್ಟೊತ್ತಿಗೆ ಎಣಿಕೆ ಕೇಂದ್ರದಲ್ಲಿ ಆಗಿರುವುದು ಬಹಳ ಕಡಿಮೆ. ಎಂಟಕ್ಕೆ ಅಂಚೆ ಮತ, ಎಂಟೂವರೆಗೆ ಮತಯಂತ್ರ. ಒಂದು ವಿಧಾನಸಭಾ ಕ್ಷೇತ್ರಕ್ಕೆ ಸಾಮಾನ್ಯವಾಗಿ 14 ಮೇಜು. 14 ಮತಗಟ್ಟೆ ಎಣಿಸಿದರೆ ಒಂದು ಸುತ್ತು. 250 ಮತಗಟ್ಟೆಗಳಿದ್ದರೆ 18 ಸುತ್ತು ಬೇಕು.

ಯಂತ್ರಗಳು ಮೇಜಿಗೆ ಬರುವುದು ಮತಗಟ್ಟೆಯ ಕ್ರಮಸಂಖ್ಯೆಯಂತೆ, ಅಕ್ಕಪಕ್ಕದ ಊರುಗಳಿಗೆ ಇರುವುದೂ ಅಕ್ಕಪಕ್ಕದ ಸಂಖ್ಯೆಯೇ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು, ನಿಜ. ಆದರೆ ಇಡೀ ಪಾತ್ರೆಗೆ ಒಂದೇ ಸಮ ಬಿಸಿ ತಾಗಿದ್ದರೆ ಮಾತ್ರ. ಮೊದಲ ಮೂರು ಸುತ್ತು ಕ್ಷೇತ್ರದ ಒಂದು ಮೂಲೆಯ ಸುದ್ದಿ, ಇಡೀ ಕ್ಷೇತ್ರದ್ದಲ್ಲ. ಲೋಕಸಭೆಯಲ್ಲಿ ಗೊಂದಲ ಇನ್ನೂ ಹೆಚ್ಚು. ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ, ಎಲ್ಲದರ ಎಣಿಕೆ ಒಂದೇ ವೇಗದಲ್ಲಿ ಸಾಗುವುದಿಲ್ಲ. ಮುಂದೆ ಓಡಿದ ಕ್ಷೇತ್ರದ ಒಲವೇ ಆ ಹೊತ್ತಿನ ‘ಮುನ್ನಡೆ’ಯಾಗಿ ಪರದೆಗೆ ಬರುತ್ತದೆ.

2021ರ ಬೆಳಗಾವಿ ಉಪಚುನಾವಣೆಯಲ್ಲಿ ಮುನ್ನಡೆ ಅತ್ತಿತ್ತ ತೂಗಾಡಿ, ಕೊನೆಗೆ ಬಿಜೆಪಿಯ ಮಂಗಲಾ ಅಂಗಡಿ 4,40,327 ಮತ ಪಡೆದು ಗೆದ್ದರು. ಕಾಂಗ್ರೆಸ್‌ನ ಸತೀಶ ಜಾರಕಿಹೊಳಿ ಅವರಿಗೆ 4,35,087. ಅಂತರ 5,240. ಎರಡೇ ವರ್ಷದ ಹಿಂದೆ, 2019ರಲ್ಲಿ, ಇದೇ ಪಕ್ಷ ಇಲ್ಲಿ 3,91,304 ಮತಗಳ ಅಂತರದಿಂದ ಗೆದ್ದಿತ್ತು. ಸ್ಥಾನಗಳ ಪಟ್ಟಿಯಲ್ಲಿ ಇದೆಲ್ಲ ‘ಬಿಜೆಪಿ ಉಳಿಸಿಕೊಂಡಿತು’ ಎಂಬ ಒಂದೇ ಸಾಲು. ಕೋವಿಡ್ ನಡುವೆ ಮತದಾನ ಇಳಿದದ್ದು ಆ ಸಾಲಿನಲ್ಲಿಲ್ಲ, ಮೂರನೆಯ ಅಭ್ಯರ್ಥಿ ಲಕ್ಷಕ್ಕೂ ಹೆಚ್ಚು ಮತ ಸೆಳೆದದ್ದೂ ಇಲ್ಲ.

ರಾಜ್ಯಮಟ್ಟದಲ್ಲಿ ಇದಕ್ಕಿಂತ ದೊಡ್ಡ ಎಡವಟ್ಟಾಗುತ್ತದೆ. 2018ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿಗೆ 104 ಸ್ಥಾನ, 2023ರಲ್ಲಿ 66. ಕೇಳಿದವರಿಗೆ ಜನ ಕೈಬಿಟ್ಟರು ಎನಿಸುವುದು ಸಹಜ. ಆದರೆ ಎರಡೂ ಸಲ ಆ ಪಕ್ಷದ ಮತ ಶೇ 36ರ ಆಸುಪಾಸಿನಲ್ಲೇ ಇತ್ತು. ಬದಲಾದದ್ದು ಉಳಿದ ಮತಗಳ ಹಂಚಿಕೆ: ಜೆಡಿಎಸ್ ಶೇ 18ರಿಂದ 13ಕ್ಕೆ ಇಳಿಯಿತು, ಕಾಂಗ್ರೆಸ್ ಶೇ 38ರಿಂದ 43ರ ಹತ್ತಿರಕ್ಕೆ ಏರಿತು. 2018ರಲ್ಲಿ ಹೆಚ್ಚು ಮತ ಪಡೆದದ್ದು ಕಾಂಗ್ರೆಸ್, ಹೆಚ್ಚು ಸ್ಥಾನ ಪಡೆದದ್ದು ಬಿಜೆಪಿ ಎಂಬುದೂ ಬಹಳ ಜನರ ನೆನಪಿನಲ್ಲಿಲ್ಲ. ಅತಿ ಹೆಚ್ಚು ಮತ ಬಿದ್ದವರೇ ಗೆಲ್ಲುವ ಪದ್ಧತಿ ಸಣ್ಣ ಏರಿಳಿತವನ್ನು ಸ್ಥಾನಗಳಲ್ಲಿ ಹಿಗ್ಗಿಸಿ ತೋರಿಸುತ್ತದೆ. ವಾಹಿನಿಗಳ ಬಣ್ಣದ ನಕ್ಷೆ ಅದನ್ನೇ ಇನ್ನಷ್ಟು ಗಾಢ ಮಾಡುತ್ತದೆ. 1,696 ಮತಗಳಲ್ಲಿ ಗೆದ್ದ 2018ರ ಬಾದಾಮಿಗೂ ಅರ್ಧ ಲಕ್ಷದ ಅಂತರದ ಕ್ಷೇತ್ರಕ್ಕೂ ಅಲ್ಲಿ ಒಂದೇ ದಟ್ಟ ಬಣ್ಣ. ಬಣ್ಣದ ಗಾಢತೆಯಲ್ಲೇ ಅಂತರ ತೋರಿಸುವುದು ಕಷ್ಟದ ಕೆಲಸವೇನಲ್ಲ, ವಾಹಿನಿಗಳು ಅದನ್ನು ಮಾಡಲೇಬೇಕು.

ಹಾಗಾದರೆ ನೋಡುವವರು ಏನು ಮಾಡಬಹುದು? ಮುನ್ನಡೆಯ ಪಕ್ಕದಲ್ಲಿ ಎಷ್ಟನೇ ಸುತ್ತು, ಒಟ್ಟು ಎಷ್ಟು ಎಂಬುದನ್ನು ಚುನಾವಣಾ ಆಯೋಗದ ಜಾಲತಾಣದಲ್ಲಿ ನೋಡಿ. ಎಣಿಸಲು ಉಳಿದ ಮತ ಅಂತರಕ್ಕಿಂತ ಕಡಿಮೆಯಾಗುವವರೆಗೆ ಫಲಿತಾಂಶ ಖಚಿತವಲ್ಲ. ಸಂಜೆ ಅಂತರವನ್ನು ಒಟ್ಟು ಸಿಂಧು ಮತದಿಂದ ಭಾಗಿಸಿ ನೂರರಿಂದ ಗುಣಿಸಿ. ಬೆಳಗಾವಿಯ 5,240 ಆಗ ಸುಮಾರು ಶೇ 0.5 ಆಗುತ್ತದೆ. ಕೆಲ ದಿನಗಳ ಬಳಿಕ ನಮೂನೆ 20 ಪ್ರಕಟವಾಗುತ್ತದೆ. ಅದರಲ್ಲಿ ಒಂದೊಂದು ಮತಗಟ್ಟೆಗೆ ಒಂದೊಂದು ಸಾಲು. ನಿಮ್ಮೂರಿನ ಮತಗಟ್ಟೆಯ ಸಂಖ್ಯೆ ಹುಡುಕಿ ಬೆರಳಿಟ್ಟು ಓದಿದರೆ, ಗೆದ್ದವರಿಗೆ ಎಷ್ಟು, ಸೋತವರಿಗೆ ಎಷ್ಟು, ನೋಟಾಕ್ಕೆ ಎಷ್ಟು ಎಲ್ಲವೂ ಅಲ್ಲಿದೆ.